22 ವರ್ಷದ ಅರ್ಧ ಸಂಬಂಧ: ಬ್ರಿಟನ್ ಮತ್ತು ಮಾವೋನ ಚೀನಾ

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವುದು ಮುಕ್ಕಾಲು ಗಂಟೆ. ಮೈಕ್ ಕೈಗೆ ಕೊಡುವಾಗಲೇ ಅಧ್ಯಕ್ಷರು ಕಿವಿಯಲ್ಲಿ ಹೇಳಿದ್ದಾರೆ, 'ಸಾರ್, ಇವತ್ತಾದರೂ ಟೈಮಿಗೆ ಮುಗಿಸಿ' ಅಂತ. ಪ್ರಯತ್ನ ಮಾಡುತ್ತೇನೆ. ಮಾತು ಕೊಡುವುದಿಲ್ಲ.

ಬ್ರಿಟನ್ನಿಗೂ ಚೀನಾಕ್ಕೂ ನಡುವೆ ಎಂದೋ ಏನೋ ನಡೆದಿದ್ದು ನಮಗೆ ಯಾಕೆ ಅಂತ ಕೆಲವರು ಕೇಳಿದರು. ಕಾರಣ ಇದೆ. ಈಚೆಗೆ ಟಿವಿ ಹಾಕಿದರೆ, ರಾತ್ರಿ ಒಂಬತ್ತಕ್ಕೆ ಕೂತವರು ಯಾವುದಾದರೂ ಒಂದು ದೇಶದ ಜೊತೆ ಸಂಬಂಧ ಕಡಿದೇ ಊಟಕ್ಕೆ ಏಳುತ್ತಾರೆ. ರಾಯಭಾರ ಕಚೇರಿ ಮುಚ್ಚಿ, ಅವರನ್ನು ವಾಪಸ್ ಕಳಿಸಿ, ಅಂಥವರ ಜೊತೆ ಏನು ಮಾತು! ಕೇಳುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಒಂದು ದೇಶ ಇನ್ನೊಂದಕ್ಕೆ ಸ್ನೇಹಿತ ಆಗಿರಬೇಕು, ಇಲ್ಲವೇ ಶತ್ರು ಆಗಿರಬೇಕು ಅನ್ನುವ ಲೆಕ್ಕವೇ ತಪ್ಪು. ನಡುವೆ ಇನ್ನೊಂದಿದೆ. ನಾನು ಅದನ್ನು ಅರ್ಧ ಸಂಬಂಧ ಅಂತ ಕರೆಯುತ್ತೇನೆ. ಪಾಠದ ಪುಸ್ತಕದಲ್ಲಿ ಅದಕ್ಕೆ ಜಾಗ ಇಲ್ಲ, ಯಾಕೆಂದರೆ ಅದರಲ್ಲಿ ಒಪ್ಪಂದದ ಫೋಟೋ ಇಲ್ಲ, ಯುದ್ಧದ ನಕಾಶೆಯೂ ಇಲ್ಲ. ಆದರೆ ಬಂಡವಾಳಶಾಹಿ ಬ್ರಿಟನ್ನೂ ಕಮ್ಯುನಿಸ್ಟ್ ಚೀನಾವೂ 1950ರಿಂದ 1972ರವರೆಗೆ, 22 ವರ್ಷ, ಈ ಅರ್ಧ ಸಂಬಂಧದಲ್ಲೇ ಬಾಳುವೆ ಮಾಡಿದವು. ಒಬ್ಬರನ್ನೊಬ್ಬರು ಬೈದರು, ಒಬ್ಬರ ಸೈನಿಕರನ್ನು ಇನ್ನೊಬ್ಬರು ಕೊಂದರು, ಕಚೇರಿಗೆ ಬೆಂಕಿಯೂ ಬಿತ್ತು. ಸಂಬಂಧ ಮಾತ್ರ ಕಡಿಯಲಿಲ್ಲ.

1949ರ ಏಪ್ರಿಲ್‌ನಿಂದ ಶುರು ಮಾಡೋಣ. ಚೀನಾದ ಅಂತರ್ಯುದ್ಧ ಕೊನೆಯ ಹಂತಕ್ಕೆ ಬಂದಿದೆ. ಯಾಂಗ್ಟ್ಸೆ ನದಿಯ ಉತ್ತರ ದಡದಲ್ಲಿ ಕಮ್ಯುನಿಸ್ಟ್ ಸೈನ್ಯ, ದಕ್ಷಿಣ ದಡದಲ್ಲಿ ಅಲ್ಲಿಯವರೆಗೆ ಚೀನಾ ಆಳುತ್ತಿದ್ದ ರಾಷ್ಟ್ರೀಯವಾದಿ ನಾಯಕ ಚಿಯಾಂಗ್ ಕೈ-ಶೇಕ್ ಸೈನ್ಯ. ನಡುವೆ ನೀರಿನಲ್ಲಿ ಒಂದು ಬ್ರಿಟಿಷ್ ಯುದ್ಧನೌಕೆ, ಅಮೆಥಿಸ್ಟ್. ನಾನ್‌ಜಿಂಗ್‌ನ ತಮ್ಮ ರಾಯಭಾರ ಕಚೇರಿಗೆ ಕಾವಲು ನಿಲ್ಲಲು ಹೊರಟಿತ್ತು. ಇನ್ನೊಬ್ಬರ ದೇಶದ ನದಿಯೊಳಗೆ ಯುದ್ಧನೌಕೆ ಓಡಿಸುವುದು ತಮ್ಮ ಹಕ್ಕು ಅಂತ ಬ್ರಿಟಿಷರು ಸುಮಾರು ನೂರು ವರ್ಷದಿಂದ ನಂಬಿದ್ದರು. 20ನೇ ತಾರೀಖು ಬೆಳಿಗ್ಗೆ ಉತ್ತರ ದಡದಿಂದ ಫಿರಂಗಿ ಹಾರಿತು. ನೌಕೆ ಮರಳಿಗೆ ಸಿಕ್ಕಿಕೊಂಡಿತು, ಕ್ಯಾಪ್ಟನ್ ಗಾಯಗೊಂಡು ತೀರಿಹೋದ. ಬಿಡಿಸಲು ಬಂದ ಬೇರೆ ನೌಕೆಗಳಿಗೂ ಪೆಟ್ಟು ಬಿತ್ತು. ಮೂರು ತಿಂಗಳ ಮೇಲೆ ಅದು ಅಲ್ಲೇ ಬಂದಿ. 'ತಪ್ಪಾಯಿತು ಅಂತ ಬರೆದುಕೊಡಿ, ಬಿಡುತ್ತೇವೆ' ಅಂತ ಚೀನಾದವರು. 'ಬರೆದುಕೊಡುವ ಅಧಿಕಾರ ನನಗಿಲ್ಲ' ಅಂತ ಹೊಸದಾಗಿ ಚಾರ್ಜ್ ತಗೊಂಡ ಕೆರಾನ್ಸ್. ಕೊನೆಗೆ ಜುಲೈ 30ರ ರಾತ್ರಿ, ಲೈಟ್ ಆರಿಸಿಕೊಂಡು, ಒಂದು ಪ್ರಯಾಣಿಕರ ಹಡಗಿನ ಹಿಂದೆ ಸೇರಿಕೊಂಡು ಸಮುದ್ರಕ್ಕೆ ಓಡಿತು.

ಅಮೆಥಿಸ್ಟ್‌ನಲ್ಲಿ ಸೈಮನ್ ಅಂತ ಒಂದು ಬೆಕ್ಕಿತ್ತು. ಗುಂಡಿನ ಚೂರು ತಾಗಿದರೂ ಇಲಿ ಹಿಡಿಯುವುದನ್ನು ಬಿಡಲಿಲ್ಲವಂತೆ. ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ ಪಡೆದ ಬೆಕ್ಕು ಇವತ್ತಿಗೂ ಅದೊಂದೇ. ಈ ಬೆಕ್ಕನ್ನು ಸುಮ್ನೆ ತಂದೆ ಅಂದುಕೊಳ್ಳಬೇಡಿ. ಮುಂದೆ ಇನ್ನೊಂದು ಬೆಕ್ಕು ಬರುತ್ತದೆ.

ಈಗ ನೀವೇ ಹೇಳಿ. ತಮ್ಮ ನೌಕೆಗೆ ಗುಂಡು ಹಾರಿಸಿದ, ತಮ್ಮ ನಾವಿಕರನ್ನು ಕೊಂದ ಸರ್ಕಾರವನ್ನು ಬ್ರಿಟನ್ ಏನು ಮಾಡಬೇಕಿತ್ತು? ಟಿವಿ ಲೆಕ್ಕದಲ್ಲಿ ಐವತ್ತು ವರ್ಷ ಮಾತಾಡಬಾರದಿತ್ತು. ಬ್ರಿಟನ್ ಮಾಡಿದ್ದು ಬೇರೆ. ಅಮೆಥಿಸ್ಟ್ ತಪ್ಪಿಸಿಕೊಂಡು ಆರು ತಿಂಗಳು ಆಗುವ ಮೊದಲೇ, 1950ರ ಜನವರಿ 6ರಂದು, ಅದೇ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ನಮ್ಮ ನೆಹರೂ ಸರ್ಕಾರ ಒಂದು ವಾರ ಮೊದಲು, ಡಿಸೆಂಬರ್ 30ಕ್ಕೆ ಕೊಟ್ಟಾಗಿತ್ತು. ಅಮೆರಿಕ ಕೊಡಲಿಲ್ಲ. ಕೊಡುವುದಕ್ಕೆ 1979ರವರೆಗೆ ಕಾಯಿತು.

ಆಗ ಲಂಡನ್ನಿನಲ್ಲಿ ಆಟ್ಲಿಯವರ ಲೇಬರ್ ಸರ್ಕಾರ, ವಿದೇಶಾಂಗ ಮಂತ್ರಿ ಅರ್ನೆಸ್ಟ್ ಬೆವಿನ್. ಕಾರ್ಮಿಕ ಪಕ್ಷ ತಾನೇ, ಕಮ್ಯುನಿಸ್ಟರ ಕಡೆ ಒಲವಿರಬೇಕು ಅಂತ ಯಾರಾದರೂ ಅಂದುಕೊಂಡರೆ, ಬೆವಿನ್ ಸಂಘಟನೆ ಕಟ್ಟಿದ್ದೇ ಕಮ್ಯುನಿಸ್ಟರ ಜೊತೆ ಗುದ್ದಾಡಿಕೊಂಡು. ವಿರೋಧ ಪಕ್ಷದಲ್ಲಿದ್ದವರು ಚರ್ಚಿಲ್. ಕಮ್ಯುನಿಸಂ ಅಂದರೆ ಅವರಿಗೆ ಸಿಗಾರ್ ಬಾಯಿಂದ ಬೀಳುವಷ್ಟು ಕೋಪ. ಅಂಥ ಚರ್ಚಿಲ್ 1949ರ ನವೆಂಬರ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಹೇಳಿದರು: ರಾಜತಾಂತ್ರಿಕ ಸಂಬಂಧ ಇಟ್ಟುಕೊಳ್ಳುವುದು ಯಾರಿಗೋ ಮೆಚ್ಚುಗೆ ತೋರಿಸುವುದಕ್ಕಲ್ಲ, ಒಂದು ಅನುಕೂಲ ಮಾಡಿಕೊಳ್ಳುವುದಕ್ಕೆ. ನಾನು ಚರ್ಚಿಲ್ ಅಭಿಮಾನಿ ಅಲ್ಲ. ಬಂಗಾಳದ ಬರಗಾಲ ನೆನೆಸಿಕೊಂಡರೆ ಯಾವ ಭಾರತೀಯನೂ ಆಗಲಾರ. ಆದರೆ ಈ ಒಂದು ಮಾತನ್ನು ಎಲ್ಲಾ ಟಿವಿ ಸ್ಟುಡಿಯೋಗಳ ಗೋಡೆಗೆ ಬರೆಸಬೇಕು.

ಅನುಕೂಲ ಅಂದರೇನು? ಹಾಂಕಾಂಗ್, ಚೀನಾದ ಅಂಚಿನಲ್ಲಿದ್ದ ಬ್ರಿಟಿಷ್ ವಸಾಹತು. ಜೊತೆಗೆ ಶಾಂಘೈನಲ್ಲಿ ತಲೆಮಾರುಗಳಿಂದ ಕೂಡಿಟ್ಟ ಬ್ರಿಟಿಷ್ ಆಸ್ತಿ. ಜಾರ್ಡಿನ್, ಸ್ವೈರ್‌ನಂಥ ಕಂಪನಿಗಳು, ಬ್ಯಾಂಕುಗಳು, ಹಡಗುಕಟ್ಟೆಗಳು.

ಚೀನಾ ಏನು ಮಾಡಿತು? ಇಲ್ಲಿ ಮಜಾ ಇದೆ. ಬ್ರಿಟನ್ ಕೈ ಚಾಚಿತು, ಮಾವೋ ಕೈ ಕುಲುಕಲಿಲ್ಲ. ಮೊದಲು ಮನೆ ಗುಡಿಸೋಣ, ಅತಿಥಿಗಳನ್ನು ಆಮೇಲೆ ಕರೆಯೋಣ ಅನ್ನುವುದು ಅವರ ನೀತಿ. ತಕರಾರುಗಳೂ ಇದ್ದವು. ವಿಶ್ವಸಂಸ್ಥೆಯಲ್ಲಿ ನಮ್ಮ ಕುರ್ಚಿಗೆ ಯಾಕೆ ಓಟು ಹಾಕಲ್ಲ? ಸೋತ ಚಿಯಾಂಗ್ ಓಡಿಹೋಗಿ ಕೂತ ತೈವಾನಿನ ತಾಮ್ಸುಯಿಯಲ್ಲಿ ನಿಮ್ಮ ಕಾನ್ಸುಲೇಟ್ ಯಾಕಿದೆ? ಹಾಂಕಾಂಗ್ ವಿಮಾನ ನಿಲ್ದಾಣದಲ್ಲಿ ನಿಂತಿರುವ ನಮ್ಮ ಸುಮಾರು 70 ವಿಮಾನ ಯಾಕೆ ಬಿಟ್ಟುಕೊಡುತ್ತಿಲ್ಲ? ಹಾಗಾಗಿ ಬೀಜಿಂಗ್‌ಗೆ ಬಂದ ಬ್ರಿಟಿಷ್ ಪ್ರತಿನಿಧಿ ಹಚಿಸನ್ ಅವರನ್ನು ರಾಯಭಾರಿ ಅಂತ ಒಪ್ಪಲಿಲ್ಲ. 'ಸಂಬಂಧ ಬೆಳೆಸುವ ಬಗ್ಗೆ ಮಾತಾಡಲು ಬಂದವರು' ಅಂತ ಮಾತ್ರ ಒಪ್ಪಿದರು. 1954ರಲ್ಲಿ ಒಂದು ಮೆಟ್ಟಿಲು ಮೇಲೆ ಹೋಯಿತು. ಎರಡೂ ಕಡೆ ಚಾರ್ಜ್ ಡಿ ಅಫೇರ್ಸ್ ಅನ್ನುವ ದರ್ಜೆಯ ಅಧಿಕಾರಿ ಕೂತರು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಇನ್‌ಚಾರ್ಜ್ ಹೆಡ್‌ಮಾಸ್ಟರ್ ಇರುತ್ತಾರಲ್ಲ, ಹಾಗೆ. ಹುದ್ದೆ ವರ್ಷಗಟ್ಟಲೆ ಖಾಲಿ. ಬಿಸಿಯೂಟದ ಲೆಕ್ಕ ಅವರೇ ನೋಡಬೇಕು, ಟಿಸಿಗೆ ಸಹಿ ಅವರೇ ಹಾಕಬೇಕು, ಬಿಇಒ ಹತ್ತಿರ ಬೈಸಿಕೊಳ್ಳುವುದೂ ಅವರೇ. ಸಂಬಳದ ಸ್ಲಿಪ್ಪಿನಲ್ಲಿ ಮಾತ್ರ ಹೆಡ್‌ಮಾಸ್ಟರ್ ಅಂತ ಇರಲ್ಲ. ಇಲ್ಲಿ ಕೂತವರಲ್ಲೇ ಒಂದಿಬ್ಬರು ನಗುತ್ತಿದ್ದಾರೆ, ಅವರಿಗೆ ಅರ್ಥವಾಯಿತು.

ದರ್ಜೆ, ಮರ್ಯಾದೆ ಅಂದ ಕೂಡಲೇ ಒಂದು ಹಳೆಯ ಕಥೆ ಹೇಳದೆ ಇರಲಾರೆ. ಎರಡೇ ನಿಮಿಷ. ಬ್ರಿಟಿಷರ ಮೊದಲ ದೊಡ್ಡ ರಾಯಭಾರ ತಂಡ ಚೀನಾಕ್ಕೆ ಹೋಗಿದ್ದು 1793ರಲ್ಲಿ, ಮೆಕಾರ್ಟ್ನಿ ನೇತೃತ್ವದಲ್ಲಿ. ಚಕ್ರವರ್ತಿಯ ಮುಂದೆ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಬೇಕು ಅಂದರು. ಮೆಕಾರ್ಟ್ನಿ ಒಪ್ಪಲಿಲ್ಲ, ನಮ್ಮ ರಾಜನಿಗೆ ಮಾಡುವಂತೆ ಒಂದು ಮಂಡಿ ಊರುತ್ತೇನೆ ಅಂದ. ನಿಮ್ಮ ದೇಶದ ಸಾಮಾನು ನಮಗೆ ಬೇಕಾಗಿಲ್ಲ ಅಂತ ಚಕ್ರವರ್ತಿ ಕಾಗದ ಬರೆಸಿ ಕಳಿಸಿದ. ಇದು ಎಲ್ಲರಿಗೂ ಗೊತ್ತು. ಆದರೆ ಈ ಮೆಕಾರ್ಟ್ನಿ ಯಾರು? ಅದಕ್ಕೂ ಮೊದಲು ಮದ್ರಾಸಿನ ಗವರ್ನರ್ ಆಗಿದ್ದವನು, ಹೈದರ್ ಮತ್ತು ಟಿಪ್ಪು ಜೊತೆ ಎರಡನೇ ಯುದ್ಧ ನಡೆದ ಕಾಲದಲ್ಲಿ. 1784ರ ಮಂಗಳೂರು ಒಪ್ಪಂದಕ್ಕೆ ಟಿಪ್ಪು ಹತ್ತಿರ ಮೂವರನ್ನು ಕಳಿಸಿದ್ದು ಇವನೇ. ಆ ಮೂವರಲ್ಲಿ ಒಬ್ಬ ಜಾರ್ಜ್ ಸ್ಟಾಂಟನ್. ಅದೇ ಸ್ಟಾಂಟನ್ ಚೀನಾ ತಂಡದ ಕಾರ್ಯದರ್ಶಿ! ಮಂಗಳೂರಿನಲ್ಲಿ ಟಿಪ್ಪು ಎದುರು ಕೂತು ಪಾಠ ಕಲಿತವನು ಚೀನಾದ ಚಕ್ರವರ್ತಿಯ ಎದುರು ಹೋಗಿ ಕೂತ. ಜೊತೆಗೆ ಹೋಗಿದ್ದ ಅವನ ಹನ್ನೆರಡು ವರ್ಷದ ಮಗ ದಾರಿಯಲ್ಲೇ ಅಷ್ಟಿಷ್ಟು ಚೀನೀ ಭಾಷೆ ಕಲಿತು ಚಕ್ರವರ್ತಿಯ ಹತ್ತಿರ ಮಾತಾಡಿದ. ಇಡೀ ತಂಡದಲ್ಲಿ ಸಫಲನಾದವನು ಬಹುಶಃ ಆ ಹುಡುಗ ಒಬ್ಬನೇ.

ಸರಿ, ವಾಪಸ್ 1950ಕ್ಕೆ.

ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು. ವಿಶ್ವಸಂಸ್ಥೆಯ ಬಾವುಟದ ಕೆಳಗೆ ಅಮೆರಿಕದ ಜೊತೆ ಬ್ರಿಟಿಷ್ ಸೈನ್ಯವೂ ಹೋಯಿತು. ಅಕ್ಟೋಬರ್ 3ರ ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲೈ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ ಹೇಳಿದರು: ಅಮೆರಿಕನ್ ಸೈನ್ಯ ಎರಡು ಕೊರಿಯಾಗಳ ನಡುವಿನ ಗೆರೆ, 38ನೇ ಅಕ್ಷಾಂಶ ದಾಟಿ ಬಂದರೆ ನಾವು ಸುಮ್ಮನಿರಲ್ಲ. ಪಣಿಕ್ಕರ್ ದೆಹಲಿಗೆ ತಿಳಿಸಿದರು, ಬ್ರಿಟಿಷ್ ಪ್ರತಿನಿಧಿಗೂ ತಿಳಿಸಿದರು. ಅಲ್ಲಿಂದ ವಾಷಿಂಗ್ಟನ್‌ಗೆ ಹೋಯಿತು. ಪಣಿಕ್ಕರ್ ಕಮ್ಯುನಿಸ್ಟರ ಕಡೆ ವಾಲಿದವರು, ಅವರ ಮಾತು ಯಾರು ನಂಬುತ್ತಾರೆ ಅಂತ ಅಮೆರಿಕದವರು ಪಕ್ಕಕ್ಕಿಟ್ಟರು. ಸೈನ್ಯ ದಾಟಿತು. ಚೀನಾ ನುಗ್ಗಿತು. ಮುಂದೆ ಸತ್ತವರ ಲೆಕ್ಕ ಲಕ್ಷಗಳಲ್ಲಿ. ಅಮೆರಿಕದವರದೇ ಒಂದು ಕಚೇರಿ ಬೀಜಿಂಗ್‌ನಲ್ಲಿ ಇದ್ದಿದ್ದರೆ? ಇನ್‌ಚಾರ್ಜ್ ಆದರೂ ಒಬ್ಬ? ಆ ಎಚ್ಚರಿಕೆ ಕೈಯಿಂದ ಕೈಗೆ ದಾಟಿ ಬರಬೇಕಾಗಿರಲಿಲ್ಲ. ನಾನು ಪದೇ ಪದೇ ಹೇಳುವುದು ಇದನ್ನೇ. ಅರ್ಧ ಸಂಬಂಧವೂ ಬೇಡ ಅಂದವರು ಅದರ ಬೆಲೆಯನ್ನು ಬೇರೆ ಕಡೆ ಕೊಡುತ್ತಾರೆ.

1951ರ ಏಪ್ರಿಲ್‌ನಲ್ಲಿ ಇಮ್ಜಿನ್ ನದಿಯ ಹತ್ತಿರ ಬ್ರಿಟನ್ನಿನ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ನನ್ನು ಚೀನೀ ಸೈನ್ಯ ಸುತ್ತುವರಿಯಿತು. ಮೂರು ದಿನದ ಮೇಲೆ ಹೋರಾಡಿದರು. ಸತ್ತವರು ಸತ್ತರು, ಉಳಿದವರಲ್ಲಿ ಹೆಚ್ಚಿನವರು ಸೆರೆ ಸಿಕ್ಕರು. ಅದೇ ದಿನಗಳಲ್ಲಿ ಬೀಜಿಂಗ್‌ನಲ್ಲಿ ಬ್ರಿಟಿಷ್ ಪ್ರತಿನಿಧಿ ತನ್ನ ಕಚೇರಿಯಲ್ಲಿ ಕೂತು ಫೈಲು ನೋಡುತ್ತಿದ್ದ! ಎರಡೂ ಒಟ್ಟಿಗೆ ನಡೆದವು. ಯುದ್ಧ ಮುಗಿದ ಮೇಲೆ ಸೆರೆಯಾಳುಗಳ ಸಮಸ್ಯೆ ಬಂತು. ವಾಪಸ್ ಊರಿಗೆ ಹೋಗಲ್ಲ ಅನ್ನುವವರನ್ನು ನೋಡಿಕೊಳ್ಳಲು ತಟಸ್ಥ ದೇಶಗಳ ಆಯೋಗ ಆಯಿತು. ಅದರ ಅಧ್ಯಕ್ಷರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. ಚಪ್ಪಾಳೆ ಹೊಡೆಯಿರಿ, ತಪ್ಪಿಲ್ಲ. ಚೀನಾ, ಅಮೆರಿಕ, ಎರಡೂ ಕೊರಿಯಾ, ಎಲ್ಲರಿಂದಲೂ ಬೈಸಿಕೊಂಡು ಕೆಲಸ ಮುಗಿಸಿ ಬಂದರು. ಅಲ್ಲಿ ವಾಪಸ್ ಹೋಗಲ್ಲ ಅಂತ ಚೀನಾದ ಕಡೆ ಉಳಿದವರಲ್ಲಿ 21 ಅಮೆರಿಕನ್ನರು, ಒಬ್ಬ ಬ್ರಿಟಿಷ್ ಸೈನಿಕ.

1954ರ ಜಿನೀವಾ ಸಮ್ಮೇಳನದಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಡಲ್ಲೆಸ್ ಚೌ ಎನ್‌ಲೈ ಕೈ ಕುಲುಕಲಿಲ್ಲ ಅನ್ನುವುದು ದೊಡ್ಡ ಸುದ್ದಿಯಾಯಿತು. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಈಡನ್ ಕೈಯನ್ನೂ ಕುಲುಕಿದರು, ಊಟಕ್ಕೂ ಕೂತರು. ಬೀಜಿಂಗ್‌ನಲ್ಲಿದ್ದ ಟ್ರೆವೆಲ್ಯನ್ ಅವರನ್ನು ಅಲ್ಲಿಗೇ ಕರೆಸಿಕೊಂಡರು. ಈ ಟ್ರೆವೆಲ್ಯನ್ ಹಿಂದೆ ನಮ್ಮ ಐಸಿಎಸ್‌ನಲ್ಲಿದ್ದವರು. ಚಾರ್ಜ್ ಡಿ ಅಫೇರ್ಸ್ ಕೂರಿಸುವ ಒಪ್ಪಂದ ಆಗಿದ್ದು ಅಲ್ಲೇ, ಜೂನ್‌ನಲ್ಲಿ.

ಈಗ ಒಂದು ಪ್ರಶ್ನೆ. ಮಾವೋ ಮನಸ್ಸು ಮಾಡಿದ್ದರೆ 1949ರಲ್ಲೇ ಹಾಂಕಾಂಗನ್ನು ತಗೊಳ್ಳಬಹುದಿತ್ತು. ಸೈನ್ಯ ಗಡಿಗೆ ಬಂದು ನಿಂತಿತ್ತು. ಯಾಕೆ ತಗೊಳ್ಳಲಿಲ್ಲ? ವಸಾಹತುಶಾಹಿಯನ್ನು ಬೈಯದ ದಿನ ಇರಲಿಲ್ಲ, ಮನೆಬಾಗಿಲಲ್ಲೇ ಒಂದು ವಸಾಹತನ್ನು ಉಳಿಸಿಕೊಂಡರು! ಕಾರಣ ದುಡ್ಡು. ಅಮೆರಿಕ ಎಲ್ಲಾ ವ್ಯಾಪಾರ ಕಟ್ಟಿಹಾಕಿದ ಮೇಲೆ ಚೀನಾಕ್ಕೆ ವಿದೇಶಿ ಹಣ ಬರುವ ದಾರಿಗಳಲ್ಲಿ ದೊಡ್ಡದು ಹಾಂಕಾಂಗೇ. ತರಕಾರಿ, ಹಂದಿ, ಕೋಳಿ ದಿನಾ ಗಡಿ ದಾಟಿ ಹೋಗುತ್ತಿತ್ತು, ಪೌಂಡು ಒಳಗೆ ಬರುತ್ತಿತ್ತು. ಶಾಂಘೈನಲ್ಲಿ ಬ್ರಿಟಿಷ್ ಕಂಪನಿಗಳ ಆಸ್ತಿ ಹೋಯಿತು, ಹಾಂಕಾಂಗ್ ಬ್ಯಾಂಕಿನ ದೊಡ್ಡ ಕಟ್ಟಡವೂ ಹೋಯಿತು. ಆದರೆ ಅದೇ ಬ್ಯಾಂಕಿನ ಒಂದು ಶಾಖೆ, ಚಾರ್ಟರ್ಡ್ ಬ್ಯಾಂಕಿನ ಒಂದು ಶಾಖೆ ಮಾವೋ ಕಾಲವಿಡೀ ಶಾಂಘೈನಲ್ಲಿ ಬಾಗಿಲು ತೆರೆದೇ ಇದ್ದವು. ಕಮ್ಯುನಿಸ್ಟ್ ಕ್ರಾಂತಿಯ ನಡುವೆ ಲಂಡನ್ನಿನ ಬ್ಯಾಂಕು! ಬ್ರಿಟನ್ನೂ ಕಡಿಮೆ ಅಲ್ಲ. ಅಮೆರಿಕದ ಒತ್ತಡ ಇದ್ದರೂ 1957ರಲ್ಲಿ ಚೀನಾ ಮೇಲಿನ ಹೆಚ್ಚುವರಿ ವ್ಯಾಪಾರ ನಿರ್ಬಂಧ ಬಿಟ್ಟಿತು. 1961ರಲ್ಲಿ ಆರು ವೈಕೌಂಟ್ ವಿಮಾನ ಮಾರಿತು. ಭಾಷಣದಲ್ಲಿ ಸಿದ್ಧಾಂತ ಜಗಳವಾಡುತ್ತಿತ್ತು, ಕೆಳಗಿನ ಮಹಡಿಯಲ್ಲಿ ಗುಮಾಸ್ತರು ಬಿಲ್ ಬರೆಯುತ್ತಿದ್ದರು.

ಈಗ ನನ್ನ ಪ್ರೀತಿಯ ಕಥೆಗೆ ಬರುತ್ತೇನೆ. ಇದಕ್ಕೆ ಸ್ವಲ್ಪ ಸಮಯ ಜಾಸ್ತಿ ಬೇಕು.

1967. ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿ, ಹಳೆಯದನ್ನೆಲ್ಲಾ ಕಿತ್ತುಹಾಕಿ ಅಂತ ಮಾವೋ ಯುವಕರನ್ನು ಬೀದಿಗಿಳಿಸಿದ ಕಾಲ. ಹಾಂಕಾಂಗ್‌ನಲ್ಲಿ ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಹೂವು ಮಾಡುವ ಒಂದು ಫ್ಯಾಕ್ಟರಿಯ ಕಾರ್ಮಿಕರ ಗಲಾಟೆ ಶುರುವಾಗಿ, ಬೀದಿಗೆ ಬಂದು, ಬಾಂಬಿನವರೆಗೂ ಹೋಯಿತು. ಹಾಂಕಾಂಗ್ ಸರ್ಕಾರ ಎಡಪಂಥೀಯ ಪತ್ರಕರ್ತರನ್ನು ಜೈಲಿಗೆ ಹಾಕಿತು. ಬೀಜಿಂಗ್ ಸುಮ್ಮನಿರುತ್ತದೆಯೇ? ಜುಲೈನಲ್ಲಿ ರಾಯಿಟರ್ಸ್ ವರದಿಗಾರ ಆಂಟನಿ ಗ್ರೇ ಅವರನ್ನು ಅವರ ಮನೆಯಲ್ಲೇ ಬಂಧಿಸಿದರು. ಅವನೊಬ್ಬ ರಾಯಭಾರಿಯೂ ಅಲ್ಲ, ಸೈನಿಕನೂ ಅಲ್ಲ. ಎರಡು ವರ್ಷದ ಮೇಲೆ ಒಂಟಿಯಾಗಿ ಕೂತ. ಆ ಯುವಕರ ದಳ, ರೆಡ್ ಗಾರ್ಡ್‌ಗಳು, ಮನೆಗೆ ನುಗ್ಗಿ ಅವನ ಬೆಕ್ಕನ್ನು ಕೊಂದರು. ಮಿಂಗ್ ಮಿಂಗ್ ಅಂತ ಅದರ ಹೆಸರು. ಇದೇ ನಾನು ಹೇಳಿದ ಎರಡನೇ ಬೆಕ್ಕು. ಇದಕ್ಕೆ ಪದಕ ಸಿಗಲಿಲ್ಲ.

ಆಗಸ್ಟ್‌ನಲ್ಲಿ ಹಾಂಕಾಂಗ್ ಮೂರು ಪತ್ರಿಕೆ ಮುಚ್ಚಿಸಿತು. 48 ಗಂಟೆಯೊಳಗೆ ನಿಷೇಧ ತೆಗೆಯಿರಿ ಅಂತ ಬೀಜಿಂಗ್ ಗಡುವು ಕೊಟ್ಟಿತು. ಗಡುವು ಮುಗಿಯುವುದು ಆಗಸ್ಟ್ 22ರ ರಾತ್ರಿ. ಬ್ರಿಟಿಷ್ ಕಚೇರಿಯ ಹೊರಗೆ ಸಂಜೆಯಿಂದಲೇ ಸಾವಿರಾರು ಜನ. ಒಳಗೆ 23 ಜನ, ಅದರಲ್ಲಿ ಐವರು ಹೆಂಗಸರು. ಹೊರಗೆ ಹೋಗುವಂತಿಲ್ಲ. ಏನು ಮಾಡುವುದು? ಬ್ರಿಟಿಷರು ಊಟ ಮಾಡಿದರು. ಡಬ್ಬಿ ಸಾಸೇಜು, ಬಟಾಣಿ, ಜೊತೆಗೆ ವೈನು. ಇದೆಲ್ಲ ಚಾರ್ಜ್ ಡಿ ಅಫೇರ್ಸ್ ಡೊನಾಲ್ಡ್ ಹಾಪ್ಸನ್ ಆಮೇಲೆ ಲಂಡನ್ನಿಗೆ ಕಳಿಸಿದ ವರದಿಯಲ್ಲಿದೆ. ಊಟ ಆದ ಮೇಲೆ ಕೆಲವರು ಪೀಟರ್ ಸೆಲ್ಲರ್ಸ್ ನಟಿಸಿದ, ಕಳ್ಳರು ಪೊಲೀಸರ ಒಂದು ಕಾಮಿಡಿ ಸಿನಿಮಾ ಹಾಕಿಕೊಂಡು ಕೂತರು. ಹಾಪ್ಸನ್ ಮೇಲಿನ ಮಹಡಿಗೆ ಹೋಗಿ ಬ್ರಿಡ್ಜ್ ಆಡಲು ಕೂತರು. ಇಸ್ಪೀಟು! ಕಿಟಕಿಯ ಹೊರಗೆ ಸಾವಿರಾರು ಜನ ರಕ್ತ ಕೇಳುತ್ತಿದ್ದಾರೆ. ಹತ್ತೂವರೆಗೆ ಸರಿಯಾಗಿ ಹಾಪ್ಸನ್ 'ತ್ರೀ ನೋ ಟ್ರಂಪ್ಸ್' ಅಂತ ಕರೆದರು. ಅಷ್ಟರಲ್ಲಿ ಹೊರಗೆ ಗುಂಪು ಗರ್ಜಿಸಿತು. ಆ ಆಟ ಯಾರು ಗೆದ್ದರು ಅಂತ ನನ್ನನ್ನು ಕೇಳಬೇಡಿ.

ಕಿಟಕಿ ಒಡೆದರು, ಒಳಗೆ ಬಂದರು, ಬೆಂಕಿ ಹಚ್ಚಿದರು. ಸಿಬ್ಬಂದಿ ಒಳಗಿನ ಭದ್ರ ಕೋಣೆಗೆ ಸರಿದರು. ಹೊಗೆ ತುಂಬಿತು. ಅಲ್ಲೇ ಇದ್ದರೆ ಬೇಯಬೇಕು, ಹೊರಗೆ ಬಂದರೆ ಹೊಡೆತ. ಹೊರಗೆ ಬಂದರು. ಹೊಡೆದರು, ಕೂದಲು ಹಿಡಿದೆಳೆದರು, ತಲೆ ಬಗ್ಗಿಸಿ ನಿಲ್ಲಿಸಿ ಫೋಟೋ ತೆಗೆದರು. ಹಾಪ್ಸನ್ ತಲೆಗೂ ಪೆಟ್ಟು ಬಿತ್ತು. ಕೊನೆಗೆ ಅವರನ್ನು ಬಿಡಿಸಿಕೊಂಡಿದ್ದು ಯಾರು? ಚೀನಾದ ಸೈನಿಕರೇ, ಗುಂಪಿನೊಳಗೆ ನುಗ್ಗಿ. 23 ಜನವೂ ಬದುಕಿದರು. ಕಚೇರಿ ಮಾತ್ರ ಸುಟ್ಟು ಕರಕಲಾಯಿತು.

ಒಂದು ವಾರ ಕಳೆಯಿತು. ಆಗಸ್ಟ್ 29, ಲಂಡನ್ನಿನ ಪೋರ್ಟ್‌ಲ್ಯಾಂಡ್ ಪ್ಲೇಸ್. ಚೀನೀ ಕಚೇರಿಯ ಸಿಬ್ಬಂದಿ ಕೊಡಲಿ, ಬೇಸ್‌ಬಾಲ್ ಬ್ಯಾಟು ಹಿಡಿದು ಹೊರಗೆ ಬಂದು ಕಾವಲಿದ್ದ ಪೊಲೀಸರ ಮೇಲೆ ಬಿದ್ದರು. ಕೊಡಲಿ ಎತ್ತಿದ ರಾಜತಾಂತ್ರಿಕನ ಫೋಟೋ ಮರುದಿನ ಎಲ್ಲಾ ಪೇಪರಿನಲ್ಲಿ. ಆ ಕಟ್ಟಡದ್ದೇ ಒಂದು ಚರಿತ್ರೆ ಇದೆ. ಚೀನಾದ ರಾಜಪ್ರಭುತ್ವ ಉರುಳಿಸಿದ ಸನ್ ಯತ್-ಸೆನ್ ಅವರನ್ನು 1896ರಲ್ಲಿ ಅಪಹರಿಸಿ ಕೂಡಿಹಾಕಿದ್ದು ಅದೇ ವಿಳಾಸದಲ್ಲಿ, 49 ಪೋರ್ಟ್‌ಲ್ಯಾಂಡ್ ಪ್ಲೇಸ್. ಹನ್ನೆರಡು ದಿನ. ಅವರ ಮೇಷ್ಟ್ರಾಗಿದ್ದ ಡಾಕ್ಟರ್ ಕ್ಯಾಂಟ್ಲಿ ಊರೆಲ್ಲಾ ಓಡಾಡಿ, ಪೇಪರಿಗೆ ಸುದ್ದಿ ಕೊಟ್ಟು ಬಿಡಿಸಿದರು. ಅದನ್ನು ಹೇಳುತ್ತಾ ಹೋದರೆ ಇವತ್ತು ಮನೆಗೆ ಹೋಗಲ್ಲ.

ಇಷ್ಟಾದರೂ ಬ್ರಿಟನ್ ಸಂಬಂಧ ಕಡಿಯಿತೇ? ಇಲ್ಲ. ನಮ್ಮವರು ವಾಪಸ್ ಬರಲಿ, ಮುಚ್ಚೋಣ ಅನ್ನುವ ಮಾತು ಬಂತು. ಆದರೆ ಎರಡೂ ಕಡೆ ಇನ್ನೊಬ್ಬರ ಸಿಬ್ಬಂದಿಯನ್ನು ದೇಶ ಬಿಡದಂತೆ ತಡೆದಿದ್ದರು, ಮುಚ್ಚಿದರೆ ಅವರ ಗತಿ ಏನು? ಹಾಂಕಾಂಗ್ ಗತಿ ಏನು? ಸುಟ್ಟ ಕಚೇರಿಯ ಇನ್‌ಚಾರ್ಜ್ ಆಗಿ ಹಾಪ್ಸನ್ ಮುಂದುವರಿದರು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಭಾರತದ ಇಬ್ಬರು ರಾಜತಾಂತ್ರಿಕರನ್ನು ಬೇಹುಗಾರರು ಅಂತ ಆರೋಪ ಹೊರಿಸಿ, ಬೀಜಿಂಗ್ ವಿಮಾನ ನಿಲ್ದಾಣದಲ್ಲಿ ರೆಡ್ ಗಾರ್ಡ್‌ಗಳ ಕೈಯಲ್ಲಿ ಹೊಡೆಸಿ ಕಳಿಸಿದ್ದರು. ಅವರಲ್ಲಿ ಒಬ್ಬರಾದ ರಘುನಾಥ್ ಮುಂದೆ ವಿದೇಶಾಂಗ ಕಾರ್ಯದರ್ಶಿ ಆದರು. ನಾವೂ ಆಗ ಅರ್ಧ ಸಂಬಂಧದಲ್ಲೇ ಇದ್ದೆವು. 1961ರಿಂದ 1976ರವರೆಗೆ ಬೀಜಿಂಗ್‌ನಲ್ಲಿ ನಮ್ಮ ಪೂರ್ಣ ರಾಯಭಾರಿ ಇರಲಿಲ್ಲ. 1962ರ ಯುದ್ಧದಲ್ಲೂ ಕಚೇರಿ ಮುಚ್ಚಲಿಲ್ಲ. ಮುಚ್ಚಿದ್ದರೆ, 1970ರ ಮೇ ದಿನದಂದು ಮಾವೋ ಸಾಲಿನಲ್ಲಿ ನಿಂತಿದ್ದ ನಮ್ಮ ಇನ್‌ಚಾರ್ಜ್ ಬ್ರಜೇಶ್ ಮಿಶ್ರಾ ಕಡೆ ನಕ್ಕು, ಹೀಗೇ ಎಷ್ಟು ದಿನ ಜಗಳ ಆಡೋಣ ಅಂತ ಕೇಳುವುದಕ್ಕೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಬೆಂಕಿ ಅಲ್ಲ, ನೀರು. ಹಾಂಕಾಂಗ್‌ಗೆ ಸ್ವಂತದ್ದು ಅಂತ ದೊಡ್ಡ ನದಿ ಇಲ್ಲ. 1965ರಿಂದ ಚೀನಾದ ಡೊಂಗ್‌ಜಿಯಾಂಗ್ ನದಿ ನೀರು ಪೈಪಿನಲ್ಲಿ ಬರುತ್ತಿತ್ತು. ಒಪ್ಪಂದದಲ್ಲಿ ಜುಲೈನಿಂದ ಮೂರು ತಿಂಗಳು ಬಿಡುವು, ಅಕ್ಟೋಬರ್ 1ಕ್ಕೆ ಮತ್ತೆ ಶುರು. 1967ರಲ್ಲಿ ಮಳೆ ಕೈಕೊಟ್ಟಿತು. ಹಾಂಕಾಂಗ್‌ನಲ್ಲಿ ನಾಲ್ಕು ದಿನಕ್ಕೊಮ್ಮೆ ನಾಲ್ಕು ಗಂಟೆ ನೀರು ಬಿಡುವ ಸ್ಥಿತಿ. ಹೆಚ್ಚು ನೀರು ಕೊಡಿ ಅಂತ ಕೇಳಿದರೆ ಚೀನಾದಿಂದ ಉತ್ತರವೇ ಇಲ್ಲ. ಊರೆಲ್ಲಾ ಬಾಂಬು, ಬೀಜಿಂಗ್‌ನಲ್ಲಿ ಕಚೇರಿಗೆ ಬೆಂಕಿ. ಅಕ್ಟೋಬರ್ 1 ಬಂದರೆ ಏನಾಗುತ್ತದೋ ಅಂತ ಎಲ್ಲರಿಗೂ ಆತಂಕ. ಅದು ಚೀನಾದ ರಾಷ್ಟ್ರೀಯ ದಿನ ಬೇರೆ. ಅಕ್ಟೋಬರ್ 1 ಬಂತು, ಪೈಪಿನಲ್ಲಿ ನೀರೂ ಬಂತು. ಒಪ್ಪಂದದ ಪ್ರಕಾರ, ಅದೇ ತಾರೀಖಿಗೆ. ಬಿಲ್ಲೂ ಬಂತು ಅನ್ನಿ. ಒಪ್ಪಂದದ ಪ್ರಕಾರ ತಾರೀಖಿಗೆ ಸರಿಯಾಗಿ ನೀರು ಬಿಡುವುದು ಎಷ್ಟು ಕಷ್ಟ ಅಂತ ಕಾವೇರಿ ಕೊಳ್ಳದವರಿಗೆ ನಾನು ವಿವರಿಸಬೇಕಾಗಿಲ್ಲ, ಅಲ್ವಾ?

ಚೀಟಿ ಬಂತು. ಹತ್ತು ನಿಮಿಷ ಅಂತೆ. ಅಂದರೆ ಐದು.

1971ರಲ್ಲಿ ಚೌ ಎನ್‌ಲೈ ಬ್ರಿಟಿಷ್ ಪ್ರತಿನಿಧಿಗೆ ಹೇಳಿದರು, ಸುಟ್ಟ ಕಚೇರಿ ಕಟ್ಟುವ ಖರ್ಚು ನಮ್ಮದು ಅಂತ. ಅದೇ ವರ್ಷ ವಿಶ್ವಸಂಸ್ಥೆಯಲ್ಲಿ ಚೀನಾಕ್ಕೆ ಕುರ್ಚಿ ಸಿಕ್ಕಿತು, ಬ್ರಿಟನ್ ಪರವಾಗಿ ಓಟು ಹಾಕಿತು. ತೈವಾನಿನ ಕಾನ್ಸುಲೇಟ್ ಮುಚ್ಚಿತು. 1972ರ ಮಾರ್ಚ್ 13ಕ್ಕೆ ಪೂರ್ಣ ರಾಯಭಾರಿಗಳು. ನಿಕ್ಸನ್ ಬೀಜಿಂಗ್‌ಗೆ ಹೋಗಿ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಎಲ್ಲರಿಗೂ ನಿಕ್ಸನ್ ನೆನಪಿದೆ. 22 ವರ್ಷ ಇನ್‌ಚಾರ್ಜ್ ಆಗಿ ಕೂತವರ ಹೆಸರು ಯಾರಿಗೂ ಬೇಡ.

ಆಮೇಲಿನದು ನಿಮಗೆ ಗೊತ್ತು, ಓಡುತ್ತೇನೆ. 1974ರಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಹೀತ್‌ಗೆ ಎರಡು ಪಾಂಡಾ. 1982ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಥ್ಯಾಚರ್ ಬೀಜಿಂಗ್‌ಗೆ. ಫಾಕ್‌ಲ್ಯಾಂಡ್ ಯುದ್ಧ ಗೆದ್ದ ಹುಮ್ಮಸ್ಸಿನಲ್ಲಿ ಬಂದಿದ್ದರು. ಬೇಕಾದರೆ ಇವತ್ತು ಮಧ್ಯಾಹ್ನವೇ ಹಾಂಕಾಂಗ್ ತಗೊಳ್ಳಬಲ್ಲೆವು ಅಂತ ಚೀನಾದ ನಾಯಕ ಡೆಂಗ್ ಹೇಳಿದರು. ಹೊರಗೆ ಬರುವಾಗ ಥ್ಯಾಚರ್ ಮೆಟ್ಟಿಲಲ್ಲಿ ಮುಗ್ಗರಿಸಿದರು, ಜಗತ್ತೆಲ್ಲಾ ನೋಡಿತು. 1984ರ ಡಿಸೆಂಬರ್ 19ಕ್ಕೆ ಜಂಟಿ ಘೋಷಣೆ. 1997ಕ್ಕೆ ಹಸ್ತಾಂತರ, 50 ವರ್ಷ ಬದುಕಿನ ರೀತಿ ಬದಲಾಗಲ್ಲ ಅನ್ನುವ ಮಾತು.

ಇಲ್ಲಿ ಒಂದು ನಿಮಿಷ ನಿಲ್ಲಲೇಬೇಕು. ನಾನು ಇಷ್ಟು ಹೊತ್ತು ಹೊಗಳಿದ ಅರ್ಧ ಸಂಬಂಧಕ್ಕೂ ಒಂದು ಬೆಲೆ ಇತ್ತು. ಅದನ್ನು ಕೊಟ್ಟವರು ಬೇರೆಯವರು. ಲಂಡನ್ನಿಗೂ ಬೀಜಿಂಗ್‌ಗೂ ಹಾಂಕಾಂಗ್ ಅನುಕೂಲವಾಗಿತ್ತು. ಅಲ್ಲಿ ಬದುಕುತ್ತಿದ್ದ ಐವತ್ತು ಲಕ್ಷದಷ್ಟು ಜನರನ್ನು, ನಿಮಗೆ ಏನು ಬೇಕು ಅಂತ ಓಟು ಹಾಕಿಸಿ ಯಾರೂ ಕೇಳಲಿಲ್ಲ. ನೂರ ನಲವತ್ತು ವರ್ಷ ಆಳಿದ ಬ್ರಿಟನ್ನಿಗೆ ಅಲ್ಲಿ ಚುನಾವಣೆಯ ನೆನಪು ಗಟ್ಟಿಯಾಗಿ ಬಂದಿದ್ದು ಹೊರಡುವ ಹೊತ್ತಿಗೆ. ಕೊನೆಯ ಗವರ್ನರ್ ಪ್ಯಾಟನ್ ಅದನ್ನು ಮಾಡಲು ಹೋಗಿ ಬೀಜಿಂಗ್‌ನಿಂದ 'ಸಾವಿರ ವರ್ಷದ ಪಾಪಿ' ಅಂತ ಬೈಸಿಕೊಂಡರು. 2020ರ ಜೂನ್ 30ಕ್ಕೆ ರಾಷ್ಟ್ರೀಯ ಭದ್ರತಾ ಕಾನೂನು ಬಂದಾಗ ಆ 50 ವರ್ಷದಲ್ಲಿ 23 ವರ್ಷ ಕಳೆದಿತ್ತು. ಬ್ರಿಟನ್ ಆಮೇಲೆ ಹಾಂಕಾಂಗ್‌ನ ಹಳೆಯ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಕೊಟ್ಟಿತು, ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಹೋದರು. ಹಾಗಂತ 1967ರಲ್ಲೇ ಸಂಬಂಧ ಕಡಿದಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತೇ? ನೀರು ನಿಲ್ಲುತ್ತಿತ್ತು, ಅಷ್ಟೇ. ಆದರೂ ಈ ಲೆಕ್ಕ ನನಗೆ ಪೂರ್ತಿ ಸಮಾಧಾನ ಕೊಡುವುದಿಲ್ಲ.

ಎರಡನೇ ಚೀಟಿ. ಇದರಲ್ಲಿ ಸಮಯವೇ ಬರೆದಿಲ್ಲ, ಬರೀ ಅಡ್ಡಗೆರೆ ಇದೆ.

2015ರಲ್ಲಿ ಶಿ ಜಿನ್‌ಪಿಂಗ್ ಬಂದಾಗ ಕ್ಯಾಮರಾನ್ ಹಳ್ಳಿಯ ಪಬ್ಬಿಗೆ ಕರೆದುಕೊಂಡು ಹೋಗಿ ಬಿಯರ್ ಕುಡಿಸಿದರು. ಸುವರ್ಣ ಯುಗ ಅಂತ ಹೆಸರಿಟ್ಟರು. ಮುಂದಿನ ವರ್ಷ ಒಂದು ಚೀನೀ ಕಂಪನಿ ಆ ಪಬ್ಬನ್ನೇ ಕೊಂಡುಕೊಂಡಿತು. 2020ರ ಜುಲೈನಲ್ಲಿ ಬ್ರಿಟನ್ ತನ್ನ 5ಜಿಯಿಂದ ಹುವಾವೇ ಕಂಪನಿಯನ್ನು ಹೊರಗಿಟ್ಟಿತು. ಯುಗ ಮುಗಿಯಿತು. ಪೂರ್ಣ ಸಂಬಂಧದ ಹಾಡು ಹಾಡಿದವರಿಗೆ ಐದು ವರ್ಷ ತಡೆಯಲಿಲ್ಲ ನೋಡಿ.

ಕೊನೆಯದಾಗಿ ಕಟ್ಟಡಗಳ ವಿಷಯ. 2018ರಲ್ಲಿ ಚೀನಾ ಲಂಡನ್ ಟವರ್ ಹತ್ತಿರ ಹಳೆಯ ಟಂಕಸಾಲೆ ಜಾಗ ಕೊಂಡಿತು, ದೊಡ್ಡ ರಾಯಭಾರ ಕಚೇರಿ ಕಟ್ಟಲು. ಅಕ್ಕಪಕ್ಕದ ಮನೆಯವರು, ಹಾಂಕಾಂಗ್‌ನಿಂದ ಬಂದವರು, ಎಂಪಿಗಳು, ಎಲ್ಲರೂ ಆಕ್ಷೇಪ ಎತ್ತಿದರು. ಅನುಮತಿ ವರ್ಷಗಟ್ಟಲೆ ಎಳೆದಾಡಿತು. ಇತ್ತ ಬೀಜಿಂಗ್‌ನಲ್ಲಿ ಬ್ರಿಟಿಷರಿಗೂ ತಮ್ಮ ಕಚೇರಿ ಹೊಸದಾಗಿ ಕಟ್ಟಿಕೊಳ್ಳುವ ಆಸೆ. ಅದಕ್ಕೆ ಚೀನಾದ ಅನುಮತಿ ಬೇಕಿತ್ತು. ಇವರ ಪ್ಲ್ಯಾನು ಅವರ ಟೇಬಲ್ಲಿನ ಮೇಲೆ, ಅವರ ಪ್ಲ್ಯಾನು ಇವರ ಟೇಬಲ್ಲಿನ ಮೇಲೆ. ಎರಡು ಪರಮಾಣು ಶಕ್ತಿಗಳು ಬಿಲ್ಡಿಂಗ್ ಲೈಸೆನ್ಸಿಗೆ ಅಲೆದಾಡಿದ ಕಥೆ ಬಿಬಿಎಂಪಿ ಬಾಗಿಲು ನೋಡಿದವರಿಗೆ ಖುಷಿ ಕೊಡಬಹುದು.

ಅಧ್ಯಕ್ಷರು ಎದ್ದು ನಿಂತಿದ್ದಾರೆ. ವಂದನಾರ್ಪಣೆ ಮಾಡುವವರೂ ಎದ್ದಿದ್ದಾರೆ. ಹೀತ್‌ನ ಪಾಂಡಾಗಳ ಕಥೆ, ಚೀನಾಕ್ಕೆ ಮಾರಿದ ರೋಲ್ಸ್-ರಾಯ್ಸ್ ಇಂಜಿನ್ನಿನ ಕಥೆ ಎರಡೂ ಉಳಿದವು. ಕೇಳುವವರಿದ್ದರೆ ಹೊರಗೆ ಕಾಫಿ ಕೊಡುವ ಜಾಗದಲ್ಲಿ ಸಿಗುತ್ತೇನೆ. ನಮಸ್ಕಾರ.